ಇಸ್ಫಂದಾರ್ ಇಪ್ಪತ್ತೆಂಟು

ಫೈಲಿನ ಮೂಲೆಗೆ ತಾರೀಖು ಹಾಕಲು ಹೋದ ದೇವಿಂದ್ರಪ್ಪನ ಲೇಖನಿ ‘ಇಸ್ಫಂ’ ಎಂದು ಬರೆದು ತಟ್ಟನೆ ನಿಂತಿತು. ನಾಲಿಗೆ ಕಚ್ಚಿಕೊಂಡು, ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘೩೧ ಜನವರಿ ೧೯೫೭’ ಎಂದು ದುಂಡಗೆ ಬರೆದ. ಇದು ತಿಂಗಳಿಗೆ ಹತ್ತು ಸಲ ಆಗುವ ತಪ್ಪು. ನಿಜಾಮನ ಸರ್ಕಾರ ಹೋಗಿ ಎಂಟು ವರ್ಷ ದಾಟಿತ್ತು, ಯಾದಗಿರಿ ಮೈಸೂರಿಗೆ ಸೇರಿ ಮೂರು ತಿಂಗಳಾಗಿತ್ತು, ಆದರೆ ಕೈಗೆ ಮಾತ್ರ ಇನ್ನೂ ನಿಜಾಮನ ಕಾಲದ ಫಸಲಿ ಲೆಕ್ಕದ ತಿಂಗಳುಗಳೇ ಬಾಯಿಪಾಠ: ಆಜೂರ್, ದೈ, ಬಹಮನ್, ಇಸ್ಫಂದಾರ್. ಶಹಾಪುರದ ಉರ್ದು ಶಾಲೆಯ ಮೌಲ್ವಿಗಳು ಬೆತ್ತದಿಂದ ಬೆರಳ ಗೆಣ್ಣಿನ ಮೇಲೆ ಕೂರಿಸಿದ ಹೆಸರುಗಳು ಅವು. ತಾರೀಖಿಲ್ಲದ ಕಾಗದ ತಲೆಯಿಲ್ಲದ ಹೆಣ ಎನ್ನುತ್ತಿದ್ದರು ಅವರು. ಒದ್ದೆ ಮಸಿಯ ಮೇಲೆ ಒತ್ತುಕಾಗದ ಇಟ್ಟು ಅಂಗೈಯಿಂದ ಒತ್ತುತ್ತಿದ್ದಾಗಲೇ ದೇವಿಂದ್ರಪ್ಪನಿಗೆ ಹೊಳೆಯಿತು. ಒತ್ತಿದ ಕೈ ಅಲ್ಲೇ ಉಳಿಯಿತು. ಸೋಮವಾರ ಪೆಟ್ಟಿಗೆಗೆ ಹಾಕಿದ ಆ ಚೀಟಿಯ ಕೆಳಗೆ ತಾನು ಯಾವ ತಾರೀಖು ಬರೆದಿದ್ದೆ?

ಪೆಟ್ಟಿಗೆ ಹೊಸ ಸಾಹೇಬರು ತಂದದ್ದು. ಮೈಸೂರು ಕಡೆಯಿಂದ ಬಂದ ಅವರು ತಹಸೀಲ್ ಕಚೇರಿಯ ವರಾಂಡದಲ್ಲಿ ಬೀಗ ಹಾಕಿದ ಒಂದು ಮರದ ಪೆಟ್ಟಿಗೆ ತೂಗುಹಾಕಿಸಿ, ಕಚೇರಿಯ ಬಗ್ಗೆ, ಕ್ಯಾಂಟೀನಿನ ಬಗ್ಗೆ ಯಾರು ಏನು ಬೇಕಾದರೂ ಬರೆದು ಹಾಕಬಹುದು, ಹೆಸರು ಬೇಕಿಲ್ಲ, ಗುರುವಾರ ಗುರುವಾರ ತಾವೇ ತೆಗೆದು ಓದುವುದಾಗಿ ಹೇಳಿದ್ದರು. ಇಲ್ಲಿಯವರಿಗೆ ಅದು ದರ್ಗಾದ ಹುಂಡಿಯ ಹಾಗೆ ಕಂಡು ಒಂದು ವಾರ ನಗೆಯಾಡಿದರು. ಈ ತನಕ ಅದರಲ್ಲಿ ಬಿದ್ದದ್ದು ಒಂದೇ ಚೀಟಿ ಇರಬೇಕು. ಅದನ್ನು ದೇವಿಂದ್ರಪ್ಪ ಮನೆಯ ಬಾಗಿಲು ಹಾಕಿಕೊಂಡು, ಕೈಬರಹ ಗೊತ್ತಾಗದಿರಲೆಂದು ಎಡಗೈಯಿಂದ, ಒಂದೊಂದು ಅಕ್ಷರಕ್ಕೂ ಬೆವರಿ ಬರೆದಿದ್ದ. ಬರೆದು ಮುಗಿಸಿ ಉಸಿರು ಬಿಟ್ಟಿದ್ದ. ಉಸಿರು ಬಿಟ್ಟ ಹೊತ್ತಿನಲ್ಲಿ ಎಚ್ಚರ ತಪ್ಪಿದ ಕೈ ಇನ್ನೇನೋ ಮಾಡಿತ್ತು. ‘ಇಸ್ಫಂದಾರ್ ೨೮, ೧೩೬೬’. ಈಗ ಕಣ್ಣು ಮುಚ್ಚಿದರೆ ಅದು ಅಷ್ಟೂ ಕಾಣುತ್ತಿತ್ತು, ಸೊಟ್ಟ ಸೊಟ್ಟ ಕನ್ನಡ ಅಕ್ಷರದಲ್ಲಿ. ಹೆಸರನ್ನೊಂದು ಬರೆಯದೆ ಬಿಟ್ಟು ಜಾತಕವನ್ನೆಲ್ಲ ಬರೆದುಕೊಟ್ಟಂತಾಗಿತ್ತು. ಈ ಕಚೇರಿಯಲ್ಲಿ ಫಸಲಿ ತಿಂಗಳು ಬಲ್ಲ ಉರ್ದು ಅಹಲ್ಕಾರ ಗುಮಾಸ್ತರು ಹೈದರಾಬಾದಿಗೆ ಹೋಗಿಬಿಟ್ಟಿದ್ದರು. ಬರೆಯಬಲ್ಲ ಹಳಬರಲ್ಲಿ ಉಳಿದವರು ಇಬ್ಬರೇ. ಒಬ್ಬ ದಫ್ತರದ ಮರಿಲಿಂಗಪ್ಪ, ಅವನಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬರೆಯಲು ಬಾರದು. ಇನ್ನೊಬ್ಬ ತಾನು.

ಇಂದು ಗುರುವಾರ.

ಸಾಹೇಬರ ಕೋಣೆಯ ಪರದೆ ಅಲುಗಿದಾಗಲೆಲ್ಲ ತಲೆ ಎತ್ತಿದ. ಕಿಟಕಿಯಾಚೆ ಕೋಟೆಯ ಗುಡ್ಡ ಬಿಸಿಲಿಗೆ ಬೆಳ್ಳಗಾಗಿತ್ತು. ಸ್ಟೇಷನ್ನಿನ ಕಡೆಯಿಂದ ಮದ್ರಾಸಿನ ಗಾಡಿ ಕೂಗಿತು. ಎದುರು ಮೇಜಿನಲ್ಲಿ ಮೈಸೂರು ಕಡೆಯ ಗುಮಾಸ್ತರಿಬ್ಬರು ತಲೆ ತಗ್ಗಿಸಿ ಬರೆಯುತ್ತಿದ್ದರು. ಅವರಲ್ಲಿ ಎಳೆಯವನು ಒಮ್ಮೆ ಇತ್ತ ನೋಡಿದ. ಅವನಿಗೆ ಗೊತ್ತಾಗಿದೆಯೇ? ಗೊತ್ತಾದರೆ ಅವನಿಗೇನು ನಷ್ಟ? ನಷ್ಟ ಯಾರಿಗೆ ಎಂಬ ಮಾತು ಬಂದೊಡನೆ ದೇವಿಂದ್ರಪ್ಪ ಫೈಲಿನ ಹಾಳೆ ಮಗುಚಿದ. ಕಚೇರಿಯ ಹಿಂದೆ, ಹಳೆಯ ಕಾಲದಲ್ಲಿ ತಹಸೀಲ್ದಾರರ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ ಕ್ಯಾಂಟೀನು. ಅದನ್ನು ನಡೆಸುವವಳು ಶಂಕ್ರಮ್ಮ. ಗಂಡ ಈ ಕಚೇರಿಯಲ್ಲೇ ಚಪರಾಸಿಯಾಗಿದ್ದ. ಅವನು ಸತ್ತ ಮೇಲೆ ಹಿಂದಿನ ಸಾಹೇಬರು ಲಾಯವನ್ನೂ ಅದಕ್ಕೆ ಅಂಟಿದ ಒಂದು ಖೋಲಿಯನ್ನೂ ಅವಳಿಗೆ ಬಿಟ್ಟುಕೊಟ್ಟಿದ್ದರು. ಲಾಯ ಹೋದರೆ ಖೋಲಿಯೂ ಹೋಗುತ್ತದೆ. ಇದು ಅವನಿಗೆ ಸೋಮವಾರವೂ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ. ಬರೆಯುವಾಗ, ನಾಲ್ಕು ಬುದ್ಧಿಮಾತು ಹೇಳಿ ಬಿಡುತ್ತಾರೆ ಬಿಡು, ಎಂದುಕೊಂಡಿದ್ದ. ಹೀಗೆಂದುಕೊಳ್ಳುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಬರೆದದ್ದರಲ್ಲಿ ಸುಳ್ಳೇನಿತ್ತು, ಎಂದು ತನಗೆ ತಾನೇ ವಕೀಲನಾದ. ಅನ್ನದಲ್ಲಿ ಕಲ್ಲು ಇರುವುದು ನಿಜ. ದೀಪಾವಳಿಯಿಂದೀಚೆಗೆ ತುತ್ತಿಗೊಂದು ಸಿಗುತ್ತಿದೆ. ಬೇಳೆಯಲ್ಲಿ ನೊಣ ತೇಲಿದ್ದು ನಿಜ, ಅವನೇ ಬೆರಳಿಂದ ತೆಗೆದು ಹಾಕಿದ್ದ. ಲೋಟಕ್ಕೆ ನೀರು ಬಗ್ಗಿಸುವಾಗ ಮೇಜಿನ ಮೇಲೆಲ್ಲ ಸುರಿಯುತ್ತಾಳೆ, ಒರೆಸುವ ಗೊಡವೆಗೂ ಹೋಗುವುದಿಲ್ಲ, ಅಷ್ಟು ದಿಮಾಕು. ಬರೆಯದೆ ಬಿಟ್ಟದ್ದೂ ಇತ್ತು, ರೊಟ್ಟಿಯ ಅಂಚು ಒಂದು ಕಡೆ ಕರಿಕು, ಒಂದು ಕಡೆ ಹಸಿ. ಎಲ್ಲ ನಿಜ. ಆದರೆ ಕಲ್ಲು ಸಿಕ್ಕ ಮೂರು ತಿಂಗಳೂ ಅವನು ತೆಪ್ಪಗೆ ಬದಿಗೆ ತೆಗೆದಿಟ್ಟು ಉಂಡಿದ್ದ. ಚೀಟಿ ಬರೆಸಿದ್ದು ಕಲ್ಲಲ್ಲ ಎಂಬುದು ಅವನ ಒಳಗಿನ ಒಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಮೈಸೂರಿನವರ ಪಂಕ್ತಿಯಲ್ಲೇ ಕೂರಬೇಕೆಂದು ಅವನು ಮುಂಚೆಯೇ ಹೋಗಿ ಜಾಗ ಹಿಡಿದಿದ್ದ. ಹೊಸ ಬಿಳಿ ಅಂಗಿ. ಶಂಕ್ರಮ್ಮ ರೊಟ್ಟಿಯ ಬುಟ್ಟಿ ಹಿಡಿದು ಬಂದಾಗ ಊರ ಮಾತಿನ ‘ಬಾನ’ ಬಿಟ್ಟು ಅವರ ಹಾಗೆಯೇ ಮೆಲ್ಲಗೆ, “ನನಗೆ ಅನ್ನ ಸಾಕು,” ಎಂದ. ಅವಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಊರಿಗೆಲ್ಲ ಕೇಳುವಂತೆ ನಕ್ಕಳು. “ಯಾಕೋ ದೇವಿಂದ್ರ, ಬಾನ ಅನ್ನಾಕ ನಾಲಿಗಿ ಹೊಳ್ಳವಲ್ದೇನು? ನಿಮ್ಮೂರು ಗೋಗಿಯಾಗ ಕುರಿ ಹಿಂದ ತಿರಗಿದಾಂವ ನೀನು, ಹಿಡಿ ಬಾನ ನಿನ್ನ ಹೊಟ್ಟೀ ಯಾವ ಮೂಲಿಗೆ? ತಿನ್ನು, ರೊಟ್ಟಿ ತಿನ್ನು!” ಎಂದು ಎರಡು ರೊಟ್ಟಿ ತಟ್ಟೆಗೆ ಒಗೆದಳು. ಎಳೆಯ ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ದೊಡ್ಡವನು, “ಕುರಿಗಳಿದ್ದವಾ ನಿಮಗೆ?” ಎಂದು ಕೇಳಿದ, ಅದೂ ಎಷ್ಟು ಮರ್ಯಾದೆಯಿಂದ! ಆ ಮರ್ಯಾದೆ ಮೈಮೇಲೆ ಕುದಿನೀರಿನಂತೆ ಬಿತ್ತು. ಅವನು ರೊಟ್ಟಿ ಮುರಿದು ತಿಂದ. ಹಸಿವಿತ್ತು, ರುಚಿಯಾಗಿತ್ತು, ಅದೇ ದೊಡ್ಡ ಅವಮಾನ. ಚೀಟಿಯ ನಾಲ್ಕನೆಯ ಅಂಶ ‘ಬಡಿಸುವವರ ಮಾತು ಸರಿಯಿಲ್ಲ’ ಎಂದು. ಅದೇ ಮೊದಲು ಹೊಳೆದದ್ದು. ಮಿಕ್ಕ ಮೂರನ್ನು ಅದರ ಮುಂದೆ ಕಾವಲಿಗೆ ನಿಲ್ಲಿಸಿದ್ದ.

ಮರಿಲಿಂಗಪ್ಪ ಬಗಲಲ್ಲಿ ಹಳೇ ಕಾಗದದ ಬಸ್ತೆ ಇಟ್ಟುಕೊಂಡು ಬಂದು ಅವನ ಮೇಜಿಗೆ ಒರಗಿದ. “ಪೆಟಗಿ ತಗದಾರಂತ, ಕೇಳ್ದೇನು? ಒಂದು ಚೀಟಿ ಸಿಕ್ಕದಂತ. ಬಾನದ ಮ್ಯಾಲ ಚಾಡಿ.”

“ಯಾರ್ ಬರದಾರಂತ?” ದೇವಿಂದ್ರಪ್ಪ ಫೈಲಿನಿಂದ ತಲೆ ಎತ್ತದೆ ಕೇಳಿದ.

“ಯಾರ್ ಬರದರೇನು, ಉಂಡ ಮನಿ ಜಂತಿ ಎಣಿಸೋ ಮಂದಿಗೇನು ಬರ ಅದೇನು? ಆ ಮುದುಕಿ ಯಾರ ಹೊಟ್ಟಿ ಸುಟ್ಟಾಳ ಹೇಳು. ನೀನ ಹೇಳು, ನಿನಗಿಂತ ಬ್ಯಾರೆ ಯಾರಿಗೆ ಗೊತ್ತದ?”

ಮರಿಲಿಂಗಪ್ಪ ಹೋದ ಮೇಲೂ ಆ ಮಾತು ಮೇಜಿನ ಮೇಲೆ ಕೂತೇ ಇತ್ತು. ರಜಾಕಾರರ ಗದ್ದಲದ ವರ್ಷ ದೇವಿಂದ್ರಪ್ಪನಿಗೆ ಇಪ್ಪತ್ತು. ಕೆಲಸಕ್ಕೆ ಸೇರಿ ಆರು ತಿಂಗಳು. ಪೇಟೆ ಮುಚ್ಚಿತ್ತು, ಗೋಗಿಗೆ ಹೋಗುವ ದಾರಿಯೂ ಮುಚ್ಚಿತ್ತು, ಬಾಡಿಗೆ ಕೋಣೆಯಲ್ಲಿ ವಿಷಮಜ್ವರ ಹಿಡಿದು ಬಿದ್ದಿದ್ದ. ಯಾರೋ ತಲೆ ಎತ್ತಿ ಹಿಡಿದು ಜೋಳದ ಗಂಜಿ ಕುಡಿಸುತ್ತಿದ್ದರು. ಬಳೆಯಿಲ್ಲದ ಕೈ ಎಂಬುದಷ್ಟೇ ಜ್ವರದಲ್ಲಿ ತಿಳಿಯುತ್ತಿತ್ತು. ಗಂಡ ಸತ್ತು ಹದಿನೈದು ದಿನವಾಗಿರಲಿಲ್ಲ ಶಂಕ್ರಮ್ಮನಿಗೆ. ಫಸಲಿ ಲೆಕ್ಕದ ಆಬಾನ್ ತಿಂಗಳು ಅದು. ಇಂದಿಗೂ ಅವಳು ಗಂಡನ ದಿನವನ್ನು ಆಬಾನದ ಲೆಕ್ಕದಲ್ಲೇ ಮಾಡುತ್ತಾಳೆ. ಗಂಜಿಯಲ್ಲಿ ಒಂದು ಹರಳೂ ಇರಲಿಲ್ಲ. ಅಷ್ಟು ನಯವಾಗಿ ಅದನ್ನು ಅವಳು ಯಾವ ಬೆಳಕಿನಲ್ಲಿ ಕೇರಿ, ಆರಿಸಿ, ಬೀಸಿದ್ದಳೋ. ಇದನ್ನು ನೆನೆಯಬಾರದೆಂದು ದೇವಿಂದ್ರಪ್ಪ ಫೈಲಿಗೆ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

ಚಪರಾಸಿ ಚಂದ್ರಾಮಪ್ಪ ಪರದೆ ಸರಿಸಿ ಹೊರಗೆ ಬಂದ. “ದೇವಿಂದ್ರಪ್ಪನವರ, ಸಾಹೇಬ್ರು ಕರಿಯಾಕತ್ತಾರ ನೋಡ್ರಿ.”

ಆಯಿತು, ಮುಗಿಯಿತು. ಎದ್ದು ಹೊರಟ. ಹತ್ತು ಹೆಜ್ಜೆಯ ವರಾಂಡದಲ್ಲಿ ಅವನು ಮೂರು ಬೇರೆ ಬೇರೆ ಜವಾಬು ಕಟ್ಟಿಕೊಂಡ. ನಾನಲ್ಲ ಸಾರ್. ನಾನೇ ಸಾರ್, ತಪ್ಪಾಯಿತು. ಯಾರೋ ನನ್ನ ಹೆಸರು ಕೆಡಿಸಲು ಹೀಗೆ ಬರೆದಿದ್ದಾರೆ ಸಾರ್. ಮೂರನೆಯದು ತಾನಾಗಿ ಬಂದುದಕ್ಕೆ ಅವನಿಗೇ ಅಸಹ್ಯವಾಯಿತು, ಆದರೂ ಅದನ್ನೇ ಭದ್ರವಾಗಿ ಹಿಡಿದುಕೊಂಡು ಒಳಗೆ ಹೋದ. ಒಳಗೆ ಗೋಡೆ ಹಿಡಿದು ಶಂಕ್ರಮ್ಮ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು.

ಸಾಹೇಬರು ಕೆಟ್ಟವರಲ್ಲ. ಅದೇ ಕಷ್ಟವಾಗಿತ್ತು. “ಬನ್ನಿ ದೇವಿಂದ್ರಪ್ಪನವರೇ,” ಎಂದು ಚೀಟಿ ಅವನ ಕಡೆ ತಳ್ಳಿದರು. “ಇದನ್ನು ಈಕೆಗೆ ಓದಿಹೇಳಿ. ನಾನು ಹೇಳಿದರೆ ನನ್ನ ಮಾತು ಈಕೆಗೆ ಪೂರ್ತಿ ತಿಳಿಯುವುದಿಲ್ಲ. ಕೊನೆಯಲ್ಲಿ ಏನೋ ಬರೆದಿದೆ, ಅದು ನನಗೂ ತಿಳಿಯಲಿಲ್ಲ. ನೀವು ಹಳಬರು.”

ಹಾಗಾದರೆ ಇವರಿಗೆ ಗೊತ್ತಿಲ್ಲ! ಎದೆಯೊಳಗೆ ಒಂದು ಕ್ಷಣ ನಾಚಿಕೆಗೆಟ್ಟ ಖುಷಿ ಎದ್ದು ಕುಣಿಯಿತು. ಮರುಕ್ಷಣ ತನ್ನದೇ ಎಡಗೈಯ ಅಕ್ಷರ ತನ್ನ ಬಲಗೈಯಲ್ಲಿತ್ತು. ಓದಿದ. ಅನ್ನದಲ್ಲಿ ಕಲ್ಲು ಬರುತ್ತವೆ. ಬೇಳೆಯಲ್ಲಿ ನೊಣ ಇದ್ದವು. ನೀರು ಕೊಡುವಲ್ಲಿ ಶಿಸ್ತಿಲ್ಲ. ಮೂರಕ್ಕೂ ಶಂಕ್ರಮ್ಮ ತಲೆ ತಗ್ಗಿಸಿಯೇ ಇದ್ದಳು. ಬಡಿಸುವವರ ಮಾತು ಸರಿಯಿಲ್ಲ, ಎಂದಾಗ ಮಾತ್ರ ತಲೆ ಎತ್ತಿದಳು. “ಮಾತ? ನಾ ಯಾರಿಗೇನಂದೀನ್ರಿ? ಕಲ್ಲಿಗಿ ಬಾಯಿಲ್ಲ, ಹೌದಂತೀನಿ. ಮಾತಿನಾಗ ನಾ ಯಾರಿಗೆ ಕಲ್ಲ ಹಾಕೀನಿ?”

“ಕೊನೆಯದು ಓದಿ,” ಎಂದರು ಸಾಹೇಬರು.

“ಇಸ್ಫಂದಾರ್,” ಎಂದ ದೇವಿಂದ್ರಪ್ಪ. “ಇಸ್ಫಂದಾರ್ ಇಪ್ಪತ್ತೆಂಟು. ತಾರೀಖ್ ಸಾರ್. ಹಳೇ ಲೆಕ್ಕ. ಜನವರಿ ಅಂತ.”

ಶಂಕ್ರಮ್ಮ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದಳು. ಸೆರಗಿನಿಂದ ಕೈಯ ಹಿಟ್ಟು ಒರೆಸತೊಡಗಿದಳು, ಒಂದೊಂದೇ ಬೆರಳು.

“ಹಾಗೋ!” ಸಾಹೇಬರು ಹಿಂದಕ್ಕೊರಗಿದರು. “ನೋಡಿ, ನನಗೆ ಬೇರೆಯೇ ಅನುಮಾನವಿತ್ತು. ನಮ್ಮ ಕಡೆಯಿಂದ ಬಂದವರು ಯಾರೋ ರೊಟ್ಟಿ ಸೇರದೆ ಬರೆದಿರಬೇಕು, ಅಂಥ ಮಾತಿಗೆ ಬೆಲೆ ಕೊಡಬಾರದು ಎಂದುಕೊಂಡಿದ್ದೆ. ಹರಿದು ಹಾಕುವವನಿದ್ದೆ. ಆದರೆ ಇದು ಹಳಬರು ಬರೆದದ್ದು. ಈಕೆಯ ಕೈಯಲ್ಲಿ ವರ್ಷಗಟ್ಟಲೆ ಉಂಡವರೇ ಹೀಗೆನ್ನುತ್ತಾರೆಂದರೆ ನಿಜವಿರಲೇಬೇಕು.”

ಬೆಳಗಿನಿಂದ ದೇವಿಂದ್ರಪ್ಪ ಆ ತಾರೀಖು ತನ್ನನ್ನು ಹಿಡಿದುಕೊಡುತ್ತದೆಂದು ಹೆದರಿದ್ದ. ಅದು ಅವನನ್ನು ಬಿಟ್ಟು ನೇರವಾಗಿ ಅವಳ ಕೊರಳಿಗೆ ಬಿದ್ದಿತ್ತು. “ಸಾರ್,” ಎಂದ, “ಕಲ್ಲು… ಅಂಗಡಿಯಿಂದಾನೇ ಅಕ್ಕಿ ಹಂಗ ಬರ್ತದ್ರಿ.”

“ನೀವೂ ದಿನಾ ಅಲ್ಲೇ ಊಟ ಮಾಡುತ್ತೀರಲ್ಲ? ನೀವೇ ಹೇಳಿ. ಕಲ್ಲು ಇರುತ್ತದೋ ಇಲ್ಲವೋ?”

ಇಲ್ಲ ಎನ್ನಬಹುದಿತ್ತು. ಬರೆದವನು ನಾನು, ಸಿಟ್ಟಿಗೆ ಬರೆದೆ, ಹರಿದು ಹಾಕಿ ಎನ್ನಬಹುದಿತ್ತು. ಅದನ್ನು ಹೇಳಲು ಬಾಯಿ ತೆರೆದ ಎಂದು ಆಮೇಲೆ ಎಷ್ಟೋ ವರ್ಷ ಅವನು ತನಗೆ ತಾನೇ ಹೇಳಿಕೊಂಡದ್ದುಂಟು. “ಒಂದೊಂದಿನ ಇರ್ತಾವ್ರಿ,” ಎಂದು ಬಂತು ಮಾತು.

ಸಾಹೇಬರು ನಿಟ್ಟುಸಿರು ಬಿಟ್ಟು, ಒಂದನೆಯ ತಾರೀಖಿನಿಂದ ಕ್ಯಾಂಟೀನನ್ನು ಬೇರೆಯವರಿಗೆ ವಹಿಸುವುದಾಗಿ, ಹೊಸಬರಿಗೆ ಖೋಲಿಯೂ ಬೇಕಾಗುವುದಾಗಿ, ಈಕೆ ಬೇಕಾದರೆ ಪಾತ್ರೆ ತೊಳೆಯಲು ಇರಬಹುದೆಂದೂ ಹೇಳಿದರು. ಕಾಗದದ ಮೇಲೆ ಅವಳ ಒಪ್ಪಿಗೆ ಬೇಕು. ದೇವಿಂದ್ರಪ್ಪನೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬರಲಿ. “ನಾಳೆನೇ ಒಂದನೇ ತಾರೀಖು ಅಲ್ಲೇನ್ರಿ?” ಎಂದಳು ಶಂಕ್ರಮ್ಮ. ಹೌದೆಂದರು. ಯೋಚಿಸಿ, ಖೋಲಿಗೆ ಎಂಟು ದಿನ ತಡೆಯಬಹುದು ಎಂದರು. “ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಬಂದೀನ್ರಿ, ಹೊತ್ತತದ,” ಎಂದು ಅವಳು ಹೊರಟಳು. ಬಾಗಿಲ ಬಳಿಯ ಕುರ್ಚಿಗೆ ಡಿಕ್ಕಿ ಹೊಡೆದಳು. ಪರದೆಯನ್ನು ಹಿಡಿಯಲು ಹೋದ ಕೈ ಒಂದು ಗೇಣು ಆಚೆಗೆ, ಬರಿಯ ಗಾಳಿಯಲ್ಲಿ ಆಡಿ, ಮತ್ತೆ ತಡಕಿ ಬಟ್ಟೆಯನ್ನು ಹಿಡಿಯಿತು. ದೇವಿಂದ್ರಪ್ಪ ಅದನ್ನು ನೋಡಿದ. ಲೋಟದ ಹೊರಗೆ ಸುರಿದ ನೀರು, ಒಂದು ಕಡೆ ಕರಿಕಾದ ರೊಟ್ಟಿ, ಬೇಳೆಯಲ್ಲಿ ಕಾಣದ ನೊಣ, ಎಲ್ಲ ಒಮ್ಮೆಗೇ ಸಾಲಾಗಿ ಬಂದು ನಿಂತವು. ದಿಮಾಕು ಎಂದುಕೊಂಡಿದ್ದನಲ್ಲ, ದಿಮಾಕು! ಮೂರು ತಿಂಗಳು ದಿನಾ ಅವಳ ಮುಖದ ಮುಂದೆ ಕೂತು ಉಂಡಿದ್ದ, ಒಂದು ದಿನವೂ ಅವಳ ಕಣ್ಣು ನೋಡಿರಲಿಲ್ಲ. ಸಾಹೇಬರಿಗೆ ಹೇಳೋಣವೆಂದರೆ, ಕಣ್ಣಿಲ್ಲದವಳಿಗೆ ಒಲೆ ಯಾರು ಕೊಡುತ್ತಾರೆ? ಹೇಳದಿರಲು ಇಷ್ಟು ಒಳ್ಳೆಯ ಕಾರಣ ಸಿಕ್ಕಿದ್ದಕ್ಕೆ ಅವನ ಒಳಗಿನ ಹೇಡಿ ಸಮಾಧಾನದ ಉಸಿರು ಬಿಟ್ಟ.

ಕಾಗದ ಬರೆದು, ಮಸಿಯ ಡಬ್ಬಿ ಹಿಡಿದು ಲಾಯಕ್ಕೆ ಹೋದಾಗ ಊಟದ ಹೊತ್ತು ಮುಗಿದಿತ್ತು. ಪಂಕ್ತಿ ಎದ್ದುಹೋಗಿತ್ತು. ಶಂಕ್ರಮ್ಮ ಒಲೆಯ ಮುಂದೆ ಕೂತಿದ್ದಳು. ಹೆಜ್ಜೆ ಸದ್ದಿಗೇ, “ದೇವಿಂದ್ರ ಅಲ್ಲೇನು?” ಎಂದಳು.

“ಹೂಂ ಅಕ್ಕ. ಕಾಗದ…”

“ಕಾಗದ ಎಲ್ಲಿ ಹೋಗ್ತದ, ಮೊದಲ ಉಣ್ಣು. ಕುಂದರು.”

ಕೂತ. ಅವಳು ಬೆರಳಿನಿಂದ ತಟ್ಟೆಯ ಅಂಚು ಹುಡುಕಿ, ಅಂಚಿನಿಂದ ನಡುವಿಗೆ ಬಂದು, ಅಲ್ಲಿ ಅನ್ನ ಹಾಕಿದಳು. ರೊಟ್ಟಿ ಹಾಕಲಿಲ್ಲ. ಬುಟ್ಟಿಯ ತುಂಬ ರೊಟ್ಟಿ ಇತ್ತು, ಆದರೂ ಹಾಕಲಿಲ್ಲ. ಸುಮ್ಮನೆ ಅನ್ನದ ಮೇಲೆ ಬೇಳೆ ಬಿಟ್ಟಳು. ದೇವಿಂದ್ರಪ್ಪನಿಗೆ, ಬೈಯಲಿ, ಕುರಿ ಕಾಯುವವನೇ ಎಂದು ಕೂಗಲಿ, ಊರೆಲ್ಲ ಕೇಳಲಿ ಎನ್ನಿಸಿತು. ಎರಡು ರೊಟ್ಟಿ ತಟ್ಟೆಗೆ ಒಗೆದರೆ ಸಾಕಾಗಿತ್ತು. ಕೇಳಲು ಮುಖವಿರಲಿಲ್ಲ.

“ಕಲ್ಲ ಇದ್ರ ಬಾಜೂಕ ತಗದಿಡು,” ಎಂದಳು. “ಕಣ್ಣಾಗ ಪೊರಿ ಬಂದಾದ. ದೀಪಾವಳಿಯಿಂದ ಭಾಳ ಆಗ್ಯಾದ. ಬೆರಳೀಲೆ ಆರಿಸ್ತೀನಿ, ಸಣ್ಣ ಕಲ್ಲ ತಪ್ಪತಾವ. ಯಾರಿಗೂ ಹೇಳಿದ್ದಿಲ್ಲ. ಹೇಳಿದ್ರ ಬಿಡಿಸ್ತಾರಂತ.”

ಮೂರನೆಯ ತುತ್ತಿಗೆ ಕಲ್ಲು ಸಿಕ್ಕಿತು. ದವಡೆಯಿಂದ ನೆತ್ತಿಯವರೆಗೆ ಝುಮ್ಮೆಂದಿತು. ಅವನು ಅದನ್ನು ನಾಲಿಗೆಯಿಂದ ಸರಿಸಿ, ಅನ್ನದ ಜೊತೆ ನುಂಗಿದ.

“ಸಿಕ್ತೇನು?”

“ಇಲ್ಲಕ್ಕ. ಒಂದೂ ಇಲ್ಲ. ಚೊಲೋ ಅದ.”

ಅವಳು ಕೈ ತೊಳೆಯಲು ನೀರು ಕೊಟ್ಟಳು. ಅರ್ಧ ನೆಲಕ್ಕೆ ಬಿತ್ತು. ಆಮೇಲೆ, “ಕೊಡು ಇಲ್ಲಿ,” ಎಂದು ಬಲಗೈ ಚಾಚಿದಳು. ಹೆಬ್ಬೆರಳು ಕಾಗದ ಇದ್ದ ಕಡೆಗೆ ಬಾರದೆ ಒಲೆಯ ಕಡೆಗೆ ಹೋಯಿತು. ದೇವಿಂದ್ರಪ್ಪ ಅದನ್ನು ಹಿಡಿದ. ಜ್ವರದಲ್ಲಿ ತನ್ನ ತಲೆಯನ್ನು ಎತ್ತಿ ಹಿಡಿದಿದ್ದ ಕೈ. ಸುಟ್ಟ ಕಲೆಗಳು ಹೊಸವಿದ್ದವು, ನಾಲ್ಕೈದು. ಮಸಿ ಹಚ್ಚಿದ. ತಾನೇ ಎಳೆದು ತಂದು, ತಾನೇ ಬರೆದ ಸಾಲಿನ ಕೆಳಗೆ ತಾನೇ ಒತ್ತಿದ.

“ತಾರೀಖ ಹಾಕ್ದೇನು?” ಎಂದಳು ಶಂಕ್ರಮ್ಮ.

“ಹಾಕೀನಿ ಅಕ್ಕ.”

“ಯಾವುದು ಹಾಕ್ದಿ?”

ಕಾಗದದ ಮೇಲೆ ಅದು ದುಂಡಗೆ, ಒಂದು ತಿದ್ದುಪಡಿಯೂ ಇಲ್ಲದೆ ಕೂತಿತ್ತು. “ಜನವರಿ,” ಎಂದ.

“ಅದರಾಗ ಇಸ್ಫಂದಾರ, ಇದರಾಗ ಜನವರಿ,” ಎಂದಳು ಅವಳು, ಸಿಟ್ಟಿಲ್ಲದೆ, ಪಾಠ ಒಪ್ಪಿಸಿದ ಹುಡುಗನಿಗೆ ಹೇಳುವಂತೆ. “ಮೂರು ದಿನದಾಗ ಕಲ್ತಿ ಬಿಡು.” ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆಳೆದಳು: “ಕೈ ಬಿಡೋ. ಮಸಿ ಒರಸ್ಕೋತೀನಿ.”

ಅವನು ಇನ್ನೂ ಹಿಡಿದೇ ಇದ್ದ.